ಆಯಿಯ ಬುಟ್ಟಿಯಲ್ಲಿ ಯಾರ ರೊಟ್ಟಿ

ಆರು ಜನ ಹೆಂಗಸರನ್ನು ಒಗ್ಗೂಡಿಸುವ ಕೆಲಸವನ್ನು ನನಗೆ ಕೊಟ್ಟಿದ್ದರು. ಎರಡೇ ತಿಂಗಳಲ್ಲಿ ಒಗ್ಗೂಡಿಸಿಬಿಟ್ಟೆ. ಅವರು ಒಗ್ಗೂಡಿದ್ದು ನನ್ನ ವಿರುದ್ಧ ಎಂಬುದು ಮಾತ್ರ ನನಗೆ ತಡವಾಗಿ ತಿಳಿಯಿತು.

ತೊಂಬತ್ತರ ದಶಕದ ನಡುವಿನ ಮಾತು. ಕಲಬುರ್ಗಿಯ ಸೇಡಂ ರಸ್ತೆಯಲ್ಲಿ, ಹಿಂದೆ ಸೈಕಲ್ ಅಂಗಡಿಯಾಗಿದ್ದ ಉದ್ದನೆಯ ಕೋಣೆಯೊಂದರಲ್ಲಿ, ಒಂದು ಮಹಿಳಾ ಮಂಡಳಿ ರೊಟ್ಟಿ ಕೇಂದ್ರ ನಡೆಸುತ್ತಿತ್ತು. ಆರು ಒಲೆ, ಆರು ಹಂಚು, ಆರು ಹಲಗೆ, ಆರು ಬುಟ್ಟಿ. ಮುಂಜಾನೆ ಏಳಕ್ಕೆ ತೊಗರಿ ಕಟ್ಟಿಗೆ ಉರಿಯತೊಡಗಿದರೆ ಮಧ್ಯಾಹ್ನ ಒಂದರವರೆಗೆ ಜೋಳದ ರೊಟ್ಟಿ ಬಡಿಯುವ ಸದ್ದು. ಸ್ಟೇಶನ್ ಬಜಾರದ ಖಾನಾವಳಿಗೆ ಮೆತ್ತನೆಯ ಬಿಸಿ ರೊಟ್ಟಿ, ಮದುವೆ ಮನೆಗಳಿಗೆ ಖಡಕ್ ರೊಟ್ಟಿ. ನಾನು ಅಲ್ಲಿನ ಉಸ್ತುವಾರಿ. ಬಿ.ಕಾಂ. ಮುಗಿಸಿದ್ದೆ, ಟೈಪಿಂಗ್ ಕಲಿತಿದ್ದೆ, ಸಿಟ್ಟು ಮೂಗಿನ ತುದಿಯಲ್ಲೇ ಇತ್ತು. ರೊಟ್ಟಿ ಬಡಿಯಲು ಮಾತ್ರ ಬರುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಅವ್ವ, ಅಕ್ಕ ಇಬ್ಬರೂ ಗಟ್ಟಿಗಿತ್ತಿಯರಾದ್ದರಿಂದ ಒಲೆಯ ಮುಂದೆ ನನಗೆ ಜಾಗವೇ ಸಿಕ್ಕಿರಲಿಲ್ಲ. ಬಾಗಿಲ ಹತ್ತಿರ, ರಸ್ತೆಗೆ ಮುಖ ಮಾಡಿ, ರೊಟ್ಟಿ ಬಡಿಯುವವರಿಗೆ ಬೆನ್ನು ತೋರಿಸಿ ಕೂಡುವ ಒಂದು ಟೇಬಲ್ಲು ನನ್ನದು.

ಆರು ಜನರಲ್ಲಿ ಎಲ್ಲರಿಗಿಂತ ಹಿರಿಯಳು ಕಮಲಾಪುರದಿಂದ ದಿನಾ ಬೆಳಗಿನ ಬಸ್ಸಿಗೆ ಬರುತ್ತಿದ್ದಳು. ಅರವತ್ತು ದಾಟಿತ್ತು. ಎಲ್ಲರೂ ಅವಳನ್ನು ಆಯಿ ಎನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತಿದ್ದೆ. ಅವಳ ಪಕ್ಕದ ಒಲೆ ಮೋಮಿನಪುರದವಳದ್ದು, ಅವಳು ನಮಗೆಲ್ಲ ಆಪಾ. ಅವಳ ಕೈ ಎಷ್ಟು ಚುರುಕೆಂದರೆ ಮಾತಾಡುತ್ತ, ನಗುತ್ತ, ನನ್ನನ್ನು ಅಣಕಿಸುತ್ತ ಎಲ್ಲರಿಗಿಂತ ಮೊದಲು ಬುಟ್ಟಿ ತುಂಬಿಸುತ್ತಿದ್ದಳು. ಆಚೆ ಕಡೆ ಒಂದೇ ಮನೆಯ ಅಣ್ಣತಮ್ಮಂದಿರ ಹೆಂಡತಿಯರು, ಇಬ್ಬರು ನೆಗೆಣ್ಣಿಯರು. ಮನೆಯಲ್ಲಿ ಮಾತು ಬಿಟ್ಟಿದ್ದರು, ಕೇಂದ್ರದಲ್ಲಿ ಒಬ್ಬರ ಒಣಹಿಟ್ಟನ್ನು ಒಬ್ಬರು ಕೇಳದೆಯೇ ತೆಗೆದುಕೊಳ್ಳುತ್ತಿದ್ದರು. ಇನ್ನಿಬ್ಬರು ಹತ್ತಿರದ ಓಣಿಯವರು, ಮಾತು ಕಡಿಮೆ, ಕೆಲಸ ಜಾಸ್ತಿ.

ಎಲ್ಲ ಚೆನ್ನಾಗಿಯೇ ನಡೆದಿತ್ತು. ಚೆನ್ನಾಗಿ ನಡೆದಿರುವುದನ್ನು ಸುಧಾರಿಸಬೇಕೆಂದು ಮಂಡಳಿಯವರಿಗೆ ಅನ್ನಿಸಿ ನನ್ನನ್ನು ಮೂರು ದಿನದ ತರಬೇತಿಗೆ ಕಳಿಸಿದರು. ಅಲ್ಲಿ ಸೂಟು ತೊಟ್ಟ ಒಬ್ಬ ತರಬೇತುದಾರರು ನಮ್ಮನ್ನೆಲ್ಲ ದುಂಡಗೆ ನಿಲ್ಲಿಸಿ ಉಣ್ಣೆಯ ಉಂಡೆಯೊಂದನ್ನು ಒಬ್ಬರಿಂದ ಒಬ್ಬರಿಗೆ ಎಸೆಯಲು ಹೇಳಿದರು. ಕೊನೆಗೆ ನಡುವೆ ಒಂದು ಬಲೆಯಾಯಿತು. ಇದೇ ತಂಡ ಎಂದರು. ನಾನು ಪುಳಕಗೊಂಡೆ. ಊರಿಗೆ ಬಂದವಳೇ ಕೆಂಪು ಉಣ್ಣೆ ಕೊಂಡು ಕೇಂದ್ರದಲ್ಲೂ ಅದನ್ನೇ ಮಾಡಿಸಿದೆ. ಹಿಟ್ಟಿನ ಕೈಯವರು, ಪಾಪ, ನಾನು ಹೇಳಿದ್ದಕ್ಕೆ ಎಸೆದರು, ಹಿಡಿದರು. ಇದರಿಂದ ಏನು ತಿಳಿಯಿತು ಎಂದು ಕೇಳಿದೆ. ಆಪಾ ಉಣ್ಣೆಯನ್ನೆಲ್ಲ ಗಂಟಿಲ್ಲದಂತೆ ಸುತ್ತಿ ಉಂಡೆ ಮಾಡಿ, ಹಸಿರು ಬಣ್ಣದ್ದೂ ತಂದರೆ ಮೊಮ್ಮಗನಿಗೆ ಒಂದು ಟೊಪ್ಪಿಗೆ ಹೆಣೆಯಬಹುದು ಎಂದಳು.

ಮುಂದೆ ಮದುವೆಯ ಕಾಲ ಮುಗಿಯುವುದರಲ್ಲಿತ್ತು. ಬೇಡಿಕೆ ಇಳಿಯುತ್ತದೆ, ಕಾರಹುಣ್ಣಿಮೆ ಕಳೆದ ಮೇಲೆ ಐದೇ ಒಲೆ ಸಾಕು, ಒಬ್ಬರನ್ನು ಬಿಡಿಸಬೇಕು ಎಂದು ಮಂಡಳಿ ತೀರ್ಮಾನಿಸಿತು. ಯಾರನ್ನು ಎಂಬುದನ್ನು ನನ್ನ ತಲೆಗೆ ಕಟ್ಟಿದರು. ನಾನು ನ್ಯಾಯವಂತೆ ಎಂಬ ಹೆಮ್ಮೆ ನನಗೆ ಬಹಳವಿತ್ತು. ಆದ್ದರಿಂದ ಗೋಡೆಗೆ ಒಂದು ಕರಿ ಹಲಗೆ ತೂಗುಹಾಕಿ ಆರು ಸಾಲು ಗೆರೆ ಎಳೆದೆ. ದಿನಾ ಒಂದು ಗಂಟೆಗೆ ಪ್ರತಿಯೊಬ್ಬರ ಬುಟ್ಟಿಯ ರೊಟ್ಟಿ ಎಣಿಸಿ ಬರೆಯುವುದು. ವಾರದಲ್ಲಿ ಹೆಚ್ಚು ಬಡಿದವಳಿಗೆ ಒಂದು ಸ್ಟೀಲಿನ ವಾಟಗ, ಅಂದರೆ ಬಟ್ಟಲು. ಕೊನೆಗೆ ಎಲ್ಲರಿಗಿಂತ ಕಡಿಮೆ ಬಡಿದವಳು ಮನೆಗೆ. ಇದನ್ನೆಲ್ಲ ಮುಚ್ಚುಮರೆಯಿಲ್ಲದೆ ಅವರ ಮುಂದೆಯೇ ಓದಿ ಹೇಳಿದೆ.

ಅದುವರೆಗೆ ಗಿರಾಕಿಗೆ ಕೊಡುವಾಗ ಹತ್ತರ ಕಟ್ಟು ಮಾಡಿ ಎಣಿಸುತ್ತಿದ್ದೆವೇ ಹೊರತು ಯಾರ ರೊಟ್ಟಿ ಎಷ್ಟು ಎಂದು ಯಾರೂ ಎಣಿಸಿದ್ದಿಲ್ಲ. ಆಯಿ ಹಿಟ್ಟು ನಾದುತ್ತಿದ್ದವಳು ಕೈ ನಿಲ್ಲಿಸಿದಳು.

“ಗಿರಾಕಿ ಎಣಸ್ಕೊಳ್ಳಲಿರಿ ಅಕ್ಕೋರ, ಅದು ಬ್ಯಾರೆ. ಬಡದಾಕಿ ಎಣಸಬಾರದು. ಬರಕತ್ ಹೋಗ್ತದ.”

ಇದು ಮನೆಯಲ್ಲ, ಕೇಂದ್ರ ಎಂದು ನಾನು ಸಿಡುಕಿದೆ. ಆ ಮಧ್ಯಾಹ್ನ ಅವಳ ಬುಟ್ಟಿ ಎಣಿಸುವಾಗ ನಾನು ಒಂದು ಎನ್ನುವ ಮೊದಲೇ ಅವಳು, ಕಣದಲ್ಲಿ ಜೋಳ ಅಳೆಯುವವರ ಹಾಗೆ, ಲಾಭ ಎಂದು ಶುರು ಮಾಡಿದಳು. ಅಷ್ಟಾದರೂ ಒಳ್ಳೆಯದಾಗಲಿ ಎಂದು ಅವಳ ಲೆಕ್ಕಾಚಾರ.

ಆಯಿ ಹೇಳಿದ ಬರಕತ್, ಆ ಏಳಿಗೆ, ಒಂದೇ ವಾರದಲ್ಲಿ ಹೋಯಿತು. ಸಂಖ್ಯೆ ಏರಿತು ನಿಜ, ರೊಟ್ಟಿ ಮಾತ್ರ ಅಂಗೈ ಅಗಲಕ್ಕೆ ಇಳಿಯಿತು. ನೆಗೆಣ್ಣಿಯರು ಈಗ ಕೇಂದ್ರದಲ್ಲೂ ಮಾತು ಬಿಟ್ಟು, ಒಣಹಿಟ್ಟಿನ ಡಬ್ಬಿಗಳನ್ನು ಬೇರೆ ಬೇರೆ ಮಾಡಿಕೊಂಡರು. ಪಕ್ಕದ ಹಂಚಿನ ಮೇಲೆ ರೊಟ್ಟಿ ಸೀಯುತ್ತಿದ್ದರೆ ಮೊದಲು ಯಾರಾದರೂ ಕೈ ಚಾಚಿ ತಿರುವಿಹಾಕುತ್ತಿದ್ದರು, ಈಗ ಸೀದ ವಾಸನೆ ನನ್ನ ಟೇಬಲ್ಲಿನ ತನಕ ಬಂದರೂ ಯಾರೂ ಅತ್ತ ನೋಡುತ್ತಿರಲಿಲ್ಲ. ಖಾನಾವಳಿಯ ಮಾಲೀಕರು ಫೋನು ಮಾಡಿ, ನೀವು ರೊಟ್ಟಿ ಕಳಿಸಿದ್ದೀರೋ ಬಿಸ್ಕೀಟು ಕಳಿಸಿದ್ದೀರೋ ಎಂದು ಕೇಳಿದರು. ಮೊದಲ ವಾಟಗ ಆಪಾಗೆ ಹೋಯಿತು. ಎಣಿಕೆಯಲ್ಲಿ ಆಯಿ ಕೊನೆಯವಳೂ ಆಗಿರಲಿಲ್ಲ, ಮೊದಲನೆಯವಳೂ ಆಗಿರಲಿಲ್ಲ.

ಎರಡನೆಯ ವಾರದ ನಡುವೆ ಒಂದು ಪವಾಡ ನಡೆಯಿತು. ಒಂದು ಮಧ್ಯಾಹ್ನ ಆರೂ ಬುಟ್ಟಿಯಲ್ಲಿ ನೂರಿಪ್ಪತ್ತು ನೂರಿಪ್ಪತ್ತು ರೊಟ್ಟಿ ಇದ್ದವು. ಮರುದಿನ ನೂರಾ ಹದಿನೆಂಟು, ಆರೂ ಬುಟ್ಟಿಯಲ್ಲಿ. ಅದರ ಮರುದಿನ ಮತ್ತೆ ನೂರಿಪ್ಪತ್ತು. ರೊಟ್ಟಿ ಮೊದಲಿನ ಅಗಲಕ್ಕೆ ಬಂದವು. ಒಣಹಿಟ್ಟಿನ ಡಬ್ಬಿಗಳು ಒಂದಾದವು. ಹಿಂದಿನಿಂದ ನಗುವೂ ಕೇಳತೊಡಗಿತು. ನಾನು ಕರಿ ಹಲಗೆಯನ್ನು ನೋಡಿ ನೋಡಿ ಉಬ್ಬಿದೆ. ಮಂಡಳಿಯ ಅಧ್ಯಕ್ಷರ ಮನೆಗೆ ಹೋಗಿ, ನನ್ನ ಹಲಗೆಯಿಂದ ಎಲ್ಲರೂ ಒಂದೇ ಮಟ್ಟಕ್ಕೆ ಬಂದರು ನೋಡಿರಿ ಎಂದು ಜಂಭ ಕೊಚ್ಚಿಕೊಂಡೆ. ಅವರು ಚಹಾ ಕೊಟ್ಟರು, ಬಿಡಿಸಬೇಕಾದವಳನ್ನು ಹೇಗೆ ಗುರುತಿಸುತ್ತೀ ಎಂದಷ್ಟೇ ಕೇಳಿದರು. ಅದನ್ನು ನಾನು ಯೋಚಿಸಿರಲಿಲ್ಲ.

ಗುಟ್ಟು ಒಡೆದದ್ದು ಒಂದು ಭಾನುವಾರ. ಮದುವೆ ಮನೆಯ ಆಟೋ ಬಾಗಿಲಲ್ಲಿ ನಿಂತಿತ್ತು. ಅವಸರದಲ್ಲಿ ನಾನೇ ಆಯಿಯ ಬುಟ್ಟಿಯಿಂದ ಕಟ್ಟು ಕಟ್ಟತೊಡಗಿದೆ. ಕೇಂದ್ರದಲ್ಲಿ ಒಂದು ವರ್ಷ ಕಳೆದವಳು ನಾನು, ಬಡಿಯಲು ಬಾರದಿದ್ದರೂ ರೊಟ್ಟಿ ನೋಡಿದರೆ ಕೈ ಯಾರದೆಂದು ಹೇಳಬಲ್ಲೆ. ಆಪಾನ ರೊಟ್ಟಿ ಅಗಲ, ಹಪ್ಪಳದಷ್ಟು ತೆಳು. ದೊಡ್ಡ ನೆಗೆಣ್ಣಿಯದು ಒಂದು ಮಗ್ಗುಲಲ್ಲಿ ಯಾವಾಗಲೂ ತುಸು ಕಪ್ಪು. ಚಿಕ್ಕವಳದು ಎಷ್ಟು ಬಡಿದರೂ ಉದ್ದುದ್ದ. ಆಯಿ ಮಾತ್ರ ಬಡಿದು ಮುಗಿಸುವಾಗ ಅಂಗೈಯ ಬುಡದಿಂದ ನಡುವೆ ಒಮ್ಮೆ ಒತ್ತುತ್ತಾಳೆ, ಅಲ್ಲಿ ಸಣ್ಣ ತಗ್ಗು ಬೀಳುತ್ತದೆ. ಈಗ ಆಯಿಯ ಬುಟ್ಟಿಯಲ್ಲಿ ನೋಡಿದರೆ ತಗ್ಗಿನ ರೊಟ್ಟಿ ಅರ್ಧಕ್ಕೂ ಕಡಿಮೆ. ಉಳಿದದ್ದರಲ್ಲಿ ಅಗಲದ್ದು, ಕಪ್ಪು ಮಗ್ಗುಲದ್ದು, ಉದ್ದದ್ದು ಎಲ್ಲ ಇದ್ದವು. ಎಲ್ಲರ ರೊಟ್ಟಿ ಕೂಡಿಸಿ ಆರು ಪಾಲು ಮಾಡುತ್ತಿದ್ದರು. ಪಾಲಾಗದೆ ಉಳಿದ ಒಂದೆರಡನ್ನು ಶೇಂಗಾ ಹಿಂಡಿ ಹಚ್ಚಿಕೊಂಡು ತಿನ್ನುತ್ತಿದ್ದರು. ಸಂಖ್ಯೆ ಸರಿ ಮಾಡಿದ ಜಾಣೆಯರು, ರೊಟ್ಟಿಗೂ ಕೈಬರಹವಿದೆ ಎಂಬುದನ್ನು ಮರೆತಿದ್ದರು.

ನನಗೆ ಮೈಯೆಲ್ಲ ಉರಿಯಿತು. ಅಧ್ಯಕ್ಷರ ಮುಂದೆ ಕೊಚ್ಚಿಕೊಂಡದ್ದು ನೆನಪಾಗಿ ಇನ್ನಷ್ಟು ಉರಿಯಿತು. ಆಯಿ ಮೈಗಳ್ಳತನ ಮಾಡುತ್ತಿದ್ದಾಳೆ, ಉಳಿದವರು ಅವಳಿಗೆ ಹೆದರಿ ಕೊಡುತ್ತಿದ್ದಾರೆ ಎಂದು ತೀರ್ಮಾನಿಸಿದೆ. ಮರುದಿನ ಸೋಮವಾರ, ಆಯಿ ರಜೆ ಕೇಳಿದ್ದಳು. ಎಲ್ಲರ ಮುಂದೆ ಮುದುಕಿಯ ಮಾನ ಕಳೆಯುವುದು ಬೇಡ, ಅವಳ ಊರಿಗೇ ಹೋಗಿ ನಾಳೆಯಿಂದ ಬರಬೇಡ ಎಂದು ಹೇಳಿಬರುತ್ತೇನೆ ಎಂದು ಮಧ್ಯಾಹ್ನದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತುಗಳನ್ನು ಬಾಯಿಪಾಠ ಮಾಡಿದೆ. ಕಮಲಾಪುರದಲ್ಲಿ ಇಳಿದಾಗ ಒಂದು ತೊಡಕು ಎದುರಾಯಿತು. ಹಿರಿಯರ ಮನೆಗೆ ಬರಿಗೈಯಲ್ಲಿ ಹೋಗುವುದು ಹೇಗೆ? ಬಸ್ ಸ್ಟ್ಯಾಂಡಿನಲ್ಲಿ ಆ ಊರಿನ ಕೆಂಪು ಬಾಳೆಹಣ್ಣು ಒಂದು ಡಜನ್ ಕೊಂಡೆ. ಕೆಲಸದಿಂದ ತೆಗೆಯಲು ಹೊರಟವಳು ಹಣ್ಣು ಹಿಡಿದುಕೊಂಡು ದಾರಿ ಕೇಳುತ್ತ ಹೋದೆ.

ಆಯಿಯ ಮನೆ ತುಂಬಿದ ಮನೆ. ಸೊಸೆ ನೀರು ಕೊಟ್ಟು, ಅತ್ತಿ ಹಿತ್ತಲದಾಗ ಅದಾರ್ರಿ ಎಂದಳು. ಹಿತ್ತಲಲ್ಲಿ ಆಯಿ ನನಗೆ ಬೆನ್ನು ಮಾಡಿ ರೊಟ್ಟಿ ಹಲಗೆಯ ಮುಂದೆ ಕೂತಿದ್ದಳು. ಬಲಗೈಯ ಮಣಿಕಟ್ಟಿಗೆ ಅರಿಶಿಣ ಹಚ್ಚಿದ ಅರಿವೆ ಸುತ್ತಿತ್ತು. ಎಡಗೈಯಿಂದ ರೊಟ್ಟಿ ಬಡಿಯುತ್ತಿದ್ದಳು. ಬುಟ್ಟಿಯಲ್ಲಿ ಬಿದ್ದಿದ್ದ ರೊಟ್ಟಿಗಳಿಗೆ ಯಾವ ಆಕಾರವೂ ಇರಲಿಲ್ಲ, ಅಂಚೆಲ್ಲ ಹರಿದಿದ್ದವು. ನನ್ನನ್ನು ಕಂಡು ಸೆರಗನ್ನು ಬಲಗೈಯ ಮೇಲೆ ಎಳೆದುಕೊಂಡಳು. ಕೇಂದ್ರದಲ್ಲೂ ಎರಡು ವಾರದಿಂದ ಅವಳ ಸೆರಗು ಅಲ್ಲೇ ಇರುತ್ತಿತ್ತು. ನಾನು ರಸ್ತೆ ನೋಡುತ್ತ ಕೂತವಳು, ನನಗೆ ಕಂಡಿರಲಿಲ್ಲ.

ಏನಾಯಿತೆಂದು ಕೇಳಿದೆ. ಬಸ್ಸಿನ ಮೆಟ್ಟಿಲಲ್ಲಿ ಕಾಲು ಜಾರಿ ಕೈಯೂರಿ ಬಿದ್ದಿದ್ದಳು. ಮುರಿದಿಲ್ಲ, ಉಳುಕಿದೆ, ಒಂದೂವರೆ ತಿಂಗಳಲ್ಲಿ ಸರಿಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಒಂದೂವರೆ ತಿಂಗಳೆಂದರೆ ಕಾರಹುಣ್ಣಿಮೆ ದಾಟುತ್ತದೆ. ನನಗೇಕೆ ಹೇಳಲಿಲ್ಲ ಎಂದರೆ ಅವಳು ಹಲಗೆಯ ಮೇಲಿನ ಹಿಟ್ಟನ್ನು ಒರೆಸುತ್ತ ಕೂತಳು. ನಾನು ಬಂದ ಉದ್ದೇಶ ಅವಳಿಗೆ ನನ್ನ ಮುಖದಲ್ಲೇ ತಿಳಿದಿರಬೇಕು.

“ಕೈ ನೋವಾದ್ರೂ ನೂರಿಪ್ಪತ್ತಕ್ಕ ಒಂದು ಕಮ್ಮಿ ಮಾಡಿಲ್ಲ ನೋಡ್ರಿ,” ಎಂದಳು. “ಎಲ್ಲಾ ನಂದೇ ಕೈ. ಆಪಾಂದು, ಮತ್ತ್ಯಾರ್ದೂ ಏನೂ ಇಲ್ಲ.”

ನಾನು ಆಪಾನ ಹೆಸರೇ ಎತ್ತಿರಲಿಲ್ಲ. ಸುಳ್ಳು ಹೇಳಿ ಅಭ್ಯಾಸವಿಲ್ಲದವರು ಹೇಳುವ ಸುಳ್ಳು ಹೀಗೇ ಇರುತ್ತದೆ. ಬಸ್ಸಿನಲ್ಲಿ ಬಾಯಿಪಾಠ ಮಾಡಿದ್ದ ಮಾತಿನಲ್ಲಿ ಒಂದೂ ನೆನಪಾಗಲಿಲ್ಲ. ಮನೆಯಲ್ಲಿ ದುಡಿಯುವವರಿದ್ದಾರಲ್ಲ ಆಯಿ, ಈ ವಯಸ್ಸಿನಲ್ಲಿ ಇಷ್ಟು ದೂರ ಏಕೆ ಬರುತ್ತೀ ಎಂದು ಏನೋ ಒಂದು ಕೇಳಿದೆ.

“ಮುಂಜಾನಿ ಬಸ್ ಹತ್ತಿದ್ರ ನಾ ಕೆಲಸದಾಕಿ ಇರ್ತೀನ್ರಿ,” ಎಂದಳು. “ಬಿಡಸಿದ್ರ ಅವತ್ತೇ ಮುದುಕಿ ಆಗ್ತೀನಿ.”

ನನಗೆ ನಾಚಿಕೆಯಾಯಿತು. ಬೇರೆ ಪದ ಹುಡುಕಬೇಕಿಲ್ಲ, ಬರೀ ನಾಚಿಕೆ. ಬಾಳೆಹಣ್ಣು ಕೊಟ್ಟೆ. ನೋಡಲು ಬಂದಿದ್ದೆ ಎಂದೆ. ಅವಳು ನಂಬಲಿಲ್ಲ, ಆದರೆ ನಂಬಿದಂತೆ ಮಾಡಿ, ಎಡಗೈಯಲ್ಲಿ ಬಡಿದ ಹರಕು ರೊಟ್ಟಿಗೆ ಪುಂಡಿಪಲ್ಯ ಹಾಕಿ ಉಣಿಸಿಯೇ ಕಳಿಸಿದಳು.

ಮರುದಿನ ಬೆಳಿಗ್ಗೆ ಕರಿ ಹಲಗೆಯಲ್ಲಿ ಏಳನೆಯ ಸಾಲೊಂದು ಎಳೆದು, ಆಪಾನ ಪಕ್ಕಕ್ಕೆ ಹೋಗಿ ಕೂತು, ನನಗೂ ಕಲಿಸು ಎಂದೆ. ಕೋಣೆಯಲ್ಲಿ ಬಡಿಯುವ ಸದ್ದು ನಿಂತಿತು. ನಾನು ಕಮಲಾಪುರಕ್ಕೆ ಹೋಗಿಬಂದದ್ದು ಅಷ್ಟರಲ್ಲೇ ಆಯಿಯಿಂದ ಆಪಾಗೆ ಗೊತ್ತಾಗಿತ್ತು. ಏನೂ ಕೇಳದೆ ಹಿಟ್ಟಿನ ಮುದ್ದೆ ನನ್ನ ಮುಂದೆ ಇಟ್ಟಳು. ಮೊದಲ ದಿನ ಹದಿನಾಲ್ಕು ರೊಟ್ಟಿ ಬಡಿದೆ. ಅದರಲ್ಲಿ ಐದು ಹಂಚಿಗೆ ಹೋಗುವ ದಾರಿಯಲ್ಲೇ ಹರಿದವು, ಎರಡು ನನ್ನ ಕೈಗೇ ಅಂಟಿಕೊಂಡವು. ಚಿಕ್ಕ ನೆಗೆಣ್ಣಿ ನಗು ತಡೆಯಲಾರದೆ ನೀರು ಕುಡಿಯುವ ನೆಪದಲ್ಲಿ ಎದ್ದು ಹೋದಳು.

ಎಣಿಸುವ ಹೊತ್ತಿಗೆ ಮುಂಚೆ, ಆಯಿ ಕೈತೊಳೆಯಲು ಹೋದಾಗ, ಇದ್ದುದರಲ್ಲಿ ದುಂಡಗಿದ್ದ ನಾಲ್ಕು ರೊಟ್ಟಿಗಳನ್ನು ನಾನೂ ಅವಳ ಬುಟ್ಟಿಯಲ್ಲಿಟ್ಟೆ. ನನ್ನ ಮೊದಲ ಕಳ್ಳತನ. ಆಪಾ ಕಂಡಳು.

“ಅಕ್ಕೋರ, ನಿಮ್ದು ಜರಾ ತಳಕ್ಕ ಇಡ್ರಿ,” ಎಂದಳು ಮೆಲ್ಲಗೆ. “ಮ್ಯಾಲಿದ್ರ ಕಾಣಸ್ತಾವ.”

ಹೀಗೆ ನಾನು ತಂಡ ಸೇರಿದೆ. ಮೂರು ವಾರ ದಿನವೂ ನಾಲ್ಕು ರೊಟ್ಟಿ ತಳಕ್ಕೆ ಸೇರಿಸುತ್ತಿದ್ದೆ, ನನ್ನ ಉಳಿದವನ್ನು ಮನೆಗೆ ಒಯ್ಯುತ್ತಿದ್ದೆ. ಇನ್ನೂ ಕಡಿಮೆ ಬಿದ್ದದ್ದನ್ನು ಉಳಿದವರು ತುಂಬುತ್ತಿದ್ದರು. ಕೆಲಸದ ರೀತಿಯೇ ಬದಲಾಯಿತು. ನಾನು ರಸ್ತೆಯ ಬದಲು ಒಲೆ ನೋಡುತ್ತಿದ್ದರಿಂದ ಯಾರ ಹಂಚು ಬಿರುಕುಬಿಟ್ಟಿದೆ, ಯಾರ ಕಟ್ಟಿಗೆ ಹಸಿಯಿದೆ ಎಂಬುದು ಕೇಳದೆಯೇ ತಿಳಿಯುತ್ತಿತ್ತು. ಆ ಮೂರು ವಾರ ಖಾನಾವಳಿಯ ಮಾಲೀಕರು ಒಮ್ಮೆಯೂ ದೂರು ಹೇಳಲಿಲ್ಲ. ಅಂದರೆ ನನ್ನ ರೊಟ್ಟಿ ಗಿರಾಕಿಯ ತಾಟಿನಲ್ಲಿ ನಡೆಯುತ್ತಿದೆ ಎಂದಾಯಿತಲ್ಲ. ಮನೆಯಲ್ಲಿ ಅವ್ವನ ಮುಂದೆ ಈ ಸುದ್ದಿಯನ್ನು ಹತ್ತು ಸಲವಾದರೂ ಹೇಳಿರಬೇಕು.

ಕಾರಹುಣ್ಣಿಮೆ ಕಳೆದು ಮಂಡಳಿಯ ಸಭೆ ಸೇರಿತು. ಕರಿ ಹಲಗೆಯನ್ನು ಆಟೋದಲ್ಲಿಟ್ಟುಕೊಂಡು ಹೋದೆ. ಅಧ್ಯಕ್ಷರು ಕನ್ನಡಕ ಏರಿಸಿ ಓದಿದರು. ಆ ಪವಾಡದ ದಿನದಿಂದ ಆರೂ ಸಾಲಿನಲ್ಲಿ ಒಂದೇ ಸಂಖ್ಯೆ. ಏಳನೆಯದರಲ್ಲಿ ಹದಿನಾಲ್ಕು, ಹತ್ತೊಂಬತ್ತು, ಇಪ್ಪತ್ಮೂರು. ಇದು ಯಾರದೆಂದು ಕೇಳಿದರು. ನನ್ನದೆಂದೆ. ಕಡಿಮೆ ಬಡಿದವರು ಮನೆಗೆ ಹೋಗಬೇಕೆಂಬ ನಿಯಮ ನಾನೇ ಮಾಡಿದ್ದು, ಆದ್ದರಿಂದ ಹೋಗಬೇಕಾದವಳು ನಾನು ಎಂದೆ. ತಮಾಷೆಗೆ ಹೇಳಲಿಲ್ಲ, ಆ ಕೆಲಸ ನನಗೂ ಬೇಕಾಗಿತ್ತು. ಅಧ್ಯಕ್ಷರು ತಾವೂ ಒಳ್ಳೆಯ ರೊಟ್ಟಿ ಬಡಿಯುವ ಕೈಯವರು. ಅಷ್ಟೂ ದಿನ ಆರು ಕೈ ಒಂದೇ ಸಂಖ್ಯೆ ಬಡಿಯುವುದು ಎಲ್ಲಾದರೂ ಉಂಟೇ? ಅವರಿಗೆ ಎಲ್ಲ ಅರ್ಥವಾಗಿತ್ತು. ಸೀರೆಯ ಮೇಲೆ ಚಹಾ ಚೆಲ್ಲುವಷ್ಟು ನಕ್ಕರು. ಆಮೇಲೆ ಮುಖ ಗಂಭೀರ ಮಾಡಿಕೊಂಡು, ಪಂಚಮಿಯವರೆಗೆ ಯಾರೂ ಎಲ್ಲಿಗೂ ಹೋಗುವುದು ಬೇಡ, ಈ ಹಲಗೆಯನ್ನು ಮಾತ್ರ ಮನೆಗೆ ಕಳಿಸಿಬಿಡು ಎಂದರು. ಪಂಚಮಿ ಹತ್ತಿರ ಬಂದಂತೆ ಬೇಡಿಕೆ ಹೇಗೆ ಏರಿತೆಂದರೆ ಇದ್ದ ಆರು ಒಲೆ ಸಾಲದೆ ಏಳನೆಯದನ್ನು ಹಾಕಬೇಕಾಯಿತು. ಅದರ ಮುಂದೆ ನಾನೇ ಕೂತೆ.

ನಾಗರಪಂಚಮಿಯ ಹಿಂದಿನ ದಿನ ನಮ್ಮ ಕಡೆ ರೊಟ್ಟಿ ಪಂಚಮಿ. ಬಗೆಬಗೆಯ ರೊಟ್ಟಿ, ಪಲ್ಯ ಮಾಡಿ ಒಬ್ಬರ ಮನೆಗೆ ಒಬ್ಬರು ಕೊಟ್ಟು ಬರುತ್ತೇವೆ. ಆ ದಿನ ಕೇಂದ್ರದ ಕೆಲಸ ಮುಗಿದ ಮೇಲೆ ನಾವೂ ಹಂಚಿಕೊಂಡೆವು. ಆಯಿಯ ಕೈ ವಾಸಿಯಾಗಿತ್ತು. ಅವಳು ನನ್ನ ಮಡಿಲಿಗೆ ಒಂದು ಕಟ್ಟು ಇಟ್ಟಳು. ಬಿಚ್ಚಿದರೆ ಎಲ್ಲ ರೊಟ್ಟಿಯ ನಡುವೆಯೂ ಆ ಸಣ್ಣ ತಗ್ಗು. ನಾನೂ ನನ್ನ ಕಟ್ಟನ್ನು ಕೊಡಹೋದೆ. ಅವಳು ಕೈ ಹಿಂದೆ ಎಳೆದುಕೊಂಡಳು.

“ಬ್ಯಾಡ್ರಿ ಯವ್ವಾ. ನಿಮ್ಮ ರೊಟ್ಟಿ ಮೂರು ವಾರ ಉಂಡೀನಿ.”

ಅವಳಿಗೆ ಗೊತ್ತಿತ್ತೇ ಎಂದು ಕೇಳಿದೆ. ತನ್ನ ಬುಟ್ಟಿಯ ರೊಟ್ಟಿ ತನಗೆ ಗೊತ್ತಾಗುವುದಿಲ್ಲವೇ ಎಂದಳು. ಆಪಾನದು, ನೆಗೆಣ್ಣಿಯರದು ಗಿರಾಕಿಗೆ ಹೋಗುತ್ತಿದ್ದವು, ಅದಕ್ಕೇನೂ ಅಡ್ಡಿಯಿರಲಿಲ್ಲ. ನನ್ನವನ್ನು ಕಳಿಸಿದ್ದರೆ ಕೇಂದ್ರದ ಹೆಸರು ಕೆಡುತ್ತಿತ್ತು. ಆದ್ದರಿಂದ ಎಣಿಸಿ ಮುಗಿದು, ನಾನು ಬರೆಯಲು ಹಲಗೆಯ ಕಡೆ ತಿರುಗಿದ ಮೇಲೆ, ನನ್ನ ನಾಲ್ಕನ್ನೂ ತಳದಿಂದ ತೆಗೆದು ಬುತ್ತಿಯ ಅರಿವೆಯಲ್ಲಿ ಕಟ್ಟಿಕೊಳ್ಳುತ್ತಿದ್ದಳು, ಕಮಲಾಪುರದ ಬಸ್ಸಿನಲ್ಲಿ ತಿನ್ನುತ್ತಿದ್ದಳು. ಹಾಗಾದರೆ ಗಿರಾಕಿಗೆ ನಾಲ್ಕು ಕಡಿಮೆ ಬೀಳಲಿಲ್ಲವೇ ಎಂದೆ.

“ಎಷ್ಟು ತಗದೇನೋ ಅಷ್ಟು ಎಡಗೈಲೆ ಬಡದು ಇಟ್ಟೀನ್ರಿ,” ಎಂದಳು ಆಯಿ. “ನಿಮ್ಮ ದಯದಿಂದ ಎಡಗೈನೂ ಕಲೀತು.”